ಜಿಂಕೆ ಬೇಟೆಗೆ ಇಂಗಿನ ಒಗ್ಗರಣೆ

ಸಾರಿನ ಒಗ್ಗರಣೆಗೆ ಇಂಗು ಬಿದ್ದ ಕೂಡಲೇ ನಾನು ಬೆಳೆದ ಅಮೆರಿಕನ್ ಊರು ನೋವೈನ ಜಿಂಕೆಗಳು ನೆನಪಾದವು.

ರಿಸೆಷನ್ನಿನಲ್ಲಿ ಅಪ್ಪನಿಗೂ ಪಕ್ಕದ ಮನೆಯ ಡೇವ್ ಅಂಕಲ್‌ಗೂ ಒಟ್ಟಿಗೇ ಕೆಲಸ ಹೋಗಿತ್ತು. ಬಿಡುವಾದ ಅಂಕಲ್, ವರ್ಷಕ್ಕೊಮ್ಮೆ ಮಕ್ಕಳಿಗೆಂದೇ ನಡೆಯುವ ಜಿಂಕೆ ಬೇಟೆಗೆ ನನ್ನನ್ನು ಸರ್ಕಾರಿ ಕಾಡಿಗೆ ಕರೆದೊಯ್ಯಲು ಮುಂದಾದರು. ಅವರದು ಒಂದೇ ಕಟ್ಟಳೆ: ಬಟ್ಟೆಗೆ ಅಡುಗೆಯ ವಾಸನೆ ಅಂಟಿದರೆ ಜಿಂಕೆ ಹತ್ತಿರವೂ ಬರುವುದಿಲ್ಲ. ನಾನು ಬೇಟೆಗೆ ತೊಡಬೇಕಾದ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಭಕ್ತಿಯಿಂದ ಗರಾಜಿನಲ್ಲಿ ನೇತುಹಾಕಿದೆ. ಇರುವೆಯನ್ನೂ ಕೊಲ್ಲದ ಅಮ್ಮ ಅನುಮಾನ ಬರುವಷ್ಟು ಸುಮ್ಮನಿದ್ದಳು.

ಬೇಟೆಯ ದಿನ ಜಾಕೆಟ್ಟು ಒಲೆಯ ಪಕ್ಕದಲ್ಲಿತ್ತು.

"ಅಮ್ಮಾ! ವೈ?"

"ಗರಾಜ್ ಥಂಡಿ ಅಲ್ವೇನೇ, ಬೆಚ್ಚಗಿರ್ಲಿ ಅಂತ ತಂದೆ," ಎಂದಳು, ಇನ್ನೊಂದು ಚಿಟಿಕೆ ಇಂಗು ಹಾಕುತ್ತಾ.

ಸಂಜೆಯವರೆಗೂ ಒಂದು ಜಿಂಕೆಯೂ ಸುಳಿಯಲಿಲ್ಲ. ಅಂಕಲ್ ಮಾತ್ರ ನನ್ನ ತೋಳು ಮೂಸಿ, ಇವತ್ತು ನಿಮ್ಮ ಮನೆಯಲ್ಲಿ ಊಟಕ್ಕೇನು ಎಂದು ಕೇಳಿದರು.

ನಾಳೆ ನನ್ನ ಮಗಳ ಮೊದಲ ಬೇಟೆ. ಅವಳ ಜಾಕೆಟ್ಟು ಗರಾಜಿನಲ್ಲಿ ನಡುಗುತ್ತಿದೆ, ಪಾಪ. ಒಳಗೆ ತರುತ್ತೇನೆ.