ಜಾಡಿ ಭಾವ

ನನ್ನ ಅಕ್ಕನ ಗಂಡನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಆ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ನಮ್ಮವರೆಲ್ಲರಿಗೂ ಅವರು ಜಾಡಿ ಭಾವ. ಹಾಗೆ ಹೆಸರಿಟ್ಟವಳು ನಾನೇ, ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಭಾವ ಮಾತ್ರ ಅದನ್ನು ಬಿರುದು ಎಂದುಕೊಂಡಿದ್ದಾರೆ.

ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದಷ್ಟು ಕಾಲ ಅವರಿಂದ ಯಾರಿಗೂ ತೊಂದರೆಯಿರಲಿಲ್ಲ. ಬೆಳಿಗ್ಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು, ನಡುವೆ ಏನು ಮಾಡುತ್ತಿದ್ದರೆಂದು ಕಚೇರಿಗೂ ಗೊತ್ತಿದ್ದಂತಿಲ್ಲ. ನಿವೃತ್ತರಾಗಿ ಮನೆಯಲ್ಲಿ ಕುಳಿತ ಮೇಲೆ, ಖಾಲಿ ಜಾಮ್ ಜಾಡಿಗೆ ಸೆಣಬಿನ ಹುರಿ ಸುತ್ತಿ ಹೂದಾನಿ ಮಾಡುವುದನ್ನು ಯಾರೋ ಮೊಬೈಲಿನಲ್ಲಿ ತೋರಿಸಿದ್ದನ್ನು ನೋಡಿದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ಆ ಬಡಗಿಗೆ ಉಳಿ ಹಿಡಿಯಲಾದರೂ ಬರುತ್ತಿತ್ತು.

ಖಾಲಿ ಜಾಡಿಗೆ ಹುರಿ ಸುತ್ತಿದರೆ ನನ್ನದೇನೂ ತಕರಾರಿಲ್ಲ. ಆದರೆ ಮನೆಯಲ್ಲಿದ್ದ ಖಾಲಿ ಜಾಡಿಗಳು ಬೇಗ ಮುಗಿದವು. ಆಮೇಲೆ ಭಾವ ತುಂಬಿದ ಜಾಡಿಗಳನ್ನು ಖಾಲಿ ಮಾಡತೊಡಗಿದರು. ಸಕ್ಕರೆ ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು, ಬೇಳೆ ಹಳೇ ಪೇಪರಿನ ಪೊಟ್ಟಣಕ್ಕೆ ಹೋಯಿತು, ಅಡುಗೆಮನೆಗೆ ಇರುವೆ ಬಂತು. ಹಾಲ್‌ನಲ್ಲಿ ಮಾತ್ರ ಬಣ್ಣದ ಮರಳು ಬಿಗಿ ಮುಚ್ಚಳದ ಜಾಡಿಯೊಳಗೆ ಮಹಾರಾಜನ ಹಾಗೆ ಕುಳಿತಿತ್ತು. ಲೇಬಲ್ ಬಿಡಿಸಲು ಜಾಡಿಗಳನ್ನು ನೆನೆಹಾಕುತ್ತಿದ್ದದ್ದು ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ. ತೊಳೆಯುತ್ತಿದ್ದವಳು ಅಕ್ಕ. ಬಂದ ನೆಂಟರೆಲ್ಲ "ಏನ್ ಕೈ ರೀ ನಿಮ್ದು!" ಎಂದು ಹೊಗಳಿ ಹೋಗುತ್ತಿದ್ದರು. ಅವರ ಗಂಟೇನು ಹೋಗಬೇಕು? ಅವರವರ ಮನೆಯಲ್ಲಿ ಸಕ್ಕರೆ ಡಬ್ಬಿಯಲ್ಲೇ ಇರುತ್ತದೆ.

"ಕಸಕ್ಕೆ ಮರುಜನ್ಮ ಕೊಡ್ತಿದೀನಿ," ಎಂದರು ಭಾವ ಒಂದು ದಿನ.

"ಸಕ್ಕರೆ ಕಸ ಆಗಿದ್ದು ಯಾವಾಗ ಭಾವ?"

"ನಿನಗೆ ಸೌಂದರ್ಯದೃಷ್ಟಿ ಇಲ್ಲ ಬಿಡು."

ಅಕ್ಕ ಕಣ್ಣಲ್ಲೇ ನನ್ನನ್ನು ಗದರಿದಳು. ಗಂಡನಿಗೆ ಎದುರಾಡಿ ಅವಳಿಗೆ ಗೊತ್ತಿಲ್ಲ. ನನಗೆ ಭಾವನಿಗಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಅಕ್ಕ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ನಾನು ಆಗಾಗ ಹೋಗಿ ಹೆಮ್ಮಿಂಗ್ ಮಾಡಿಕೊಡುತ್ತೇನೆ. ಗಿರಾಕಿಗಳು ತಂದ ಗುಂಡಿಗಳನ್ನು ಅವಳು ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಜಾಡಿಯಲ್ಲಿ ಹಾಕಿ, ಅವರ ಬಟ್ಟೆಯದೇ ಒಂದು ಚೂರನ್ನು ಜಾಡಿಯ ಕಂಠಕ್ಕೆ ಕಟ್ಟಿ ಕಪಾಟಿನಲ್ಲಿಡುತ್ತಾಳೆ. ಚೂರು ನೋಡಿದರೆ ಗಿರಾಕಿ ಯಾರೆಂದು ತಿಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ಗುಂಡಿಯೂ ಅದಲುಬದಲಾಗಿಲ್ಲ. ಆ ಕಪಾಟನ್ನು ಮಾತ್ರ ಮುಟ್ಟಬೇಡಿ ಎಂದು ಅವಳು ಭಾವನಿಗೆ ಹೇಳಿದ್ದಳು.

ಪಕ್ಕದ ಬೀದಿಯ ಟೀಚರ್ ತಮ್ಮ ಮಗಳಿಗೆ ನೀಲಿ ಕೋಟು ಹೊಲಿಯಲು ಕೊಟ್ಟಿದ್ದರು. ಜೊತೆಗೆ ಕರವಸ್ತ್ರದಲ್ಲಿ ಕಟ್ಟಿ ತಂದ ಚಿಪ್ಪಿನ ಗುಂಡಿಗಳು. "ನಮ್ಮಮ್ಮನ ಕೋಟಿಂದು. ಅಮ್ಮಂದು ಅಂತ ನನ್ನ ಹತ್ರ ಉಳಿದಿರೋದು ಇಷ್ಟೇ. ಮಗಳು ಮೊದಲ ದಿನ ಕೆಲಸಕ್ಕೆ ಹೋಗುವಾಗ ಅವಳ ಅಜ್ಜಿನೂ ಜೊತೆಗಿರಲಿ," ಎಂದಿದ್ದರು.

ಕೋಟು ಒಯ್ಯಲು ಅವರು ಬರಬೇಕಾದ ದಿನ ಅಕ್ಕ ಬೆಳಿಗ್ಗೆಯೇ ಆ ಜಾಡಿಯನ್ನು ಕಪಾಟಿನಿಂದ ತೆಗೆದು ಕಿಟಕಿಯ ಮೇಲಿಟ್ಟಳು. ಕೋಟಿನ ಒಳಪದರ ಮುಗಿಸಿ, ಸಂಜೆ ಗುಂಡಿ ಹಚ್ಚೋಣವೆಂದು ಕೈ ಚಾಚಿದರೆ ಜಾಡಿಯೇ ಇಲ್ಲ. ನಾನು ಚಿಂದಿಯ ಮೂಟೆ ಸುರಿದು ಹುಡುಕಿದೆ. ಅಕ್ಕ ಮೇಜಿನಡಿ ಬಗ್ಗಿ ಹುಡುಕಿದಳು.

ಅಷ್ಟರಲ್ಲಿ ಟೀಚರ್ ಬಂದರು. ಹಾಲ್‌ನಿಂದ ಭಾವನ ದನಿ ಕೇಳಿತು: "ಬನ್ನಿ ಬನ್ನಿ, ಸರಿಯಾದ ಹೊತ್ತಿಗೇ ಬಂದ್ರಿ!"

ನಾವು ಹೋಗುವಷ್ಟರಲ್ಲಿ ಅವರು ಆ ಜಾಡಿಯ ಹಿಂದೆ ಪುಟ್ಟ ದೀಪ ಹಚ್ಚಿಯಾಗಿತ್ತು. ಜಾಡಿಯ ಒಳಮೈಗೆ ಚಿಪ್ಪಿನ ಗುಂಡಿಗಳು ಹೂವಿನಾಕಾರದಲ್ಲಿ ಅಂಟಿಕೊಂಡು ಹೊಳೆಯುತ್ತಿದ್ದವು. ಕಂಠದಲ್ಲಿದ್ದ ನೀಲಿ ಬಟ್ಟೆಯ ಚೂರು ಈಗ ರಿಬ್ಬನ್ನಾಗಿತ್ತು.

"ಇವು ನಮ್ಮಮ್ಮನವು," ಎಂದರು ಟೀಚರ್.

"ಹೌದಾ! ನೋಡಿ, ಈಗ ಎಂಥಾ ಕಳೆ ಬಂತು. ಚಿಮಟದಲ್ಲಿ ಒಂದೊಂದೇ ಹಿಡಿದು ಅಂಟಿಸಿದೀನಿ."

"ಅದಕ್ಕೆ ಬಟ್ಟೆ ಕಟ್ಟಿತ್ತಲ್ಲಾ," ಎಂದಳು ಅಕ್ಕ.

"ಅದನ್ನ ನೋಡೇ ತಗೊಂಡೆ ಕಣೇ. ಕಪಾಟು ಮುಟ್ಟಲಿಲ್ಲಪ್ಪ, ಕಿಟಕೀಲಿತ್ತು. ನೀನೂ ಅಲಂಕಾರ ಶುರು ಮಾಡಿದೀಯ, ಅಂತೂ ಬುದ್ಧಿ ಬಂತು ಅಂದ್ಕೊಂಡೆ. ನಾನು ಪೂರ್ತಿ ಮಾಡಿದೆ ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಆ ಚೂರುಗಳು ಈ ಮನುಷ್ಯನ ಮೂಗಿನ ಮುಂದೆಯೇ ನೇತಾಡಿವೆ. ಅವು ಯಾಕೆಂದು ಒಂದು ದಿನ ಕೇಳಿದವರಲ್ಲ. ಅವುಗಳಿಂದ ಬಂದ ಅನ್ನ ಮಾತ್ರ ಹೊತ್ತುಹೊತ್ತಿಗೆ ಉಂಡಿದ್ದಾರೆ.

ಅಕ್ಕ ಜಾಡಿಯೊಳಗೆ ಚಾಕು ಇಳಿಸಿ ನೋಡಿದಳು. ಬಾಯಿ ಕಿರಿದು, ಚಾಕು ತಿರುಗಲಿಲ್ಲ. ಜಾಡಿಯನ್ನು ಇಸ್ತ್ರಿಯ ಬಟ್ಟೆಯಲ್ಲಿ ಸುತ್ತಿ ನೆಲದ ಮೇಲಿಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡಳು.

"ಏಯ್! ಬೆಳಗಿಂದ ಕೂತು ಮಾಡಿದ್ದು ಅದು!" ಎಂದು ಭಾವ ಕೂಗಿದರು.

ಅಕ್ಕ ಒಂದೇ ಏಟು ಕೊಟ್ಟಳು. ಬಟ್ಟೆ ಬಿಚ್ಚಿದಾಗ ಗಾಜಿನ ಚೂರುಗಳು ಹಾಲ್ ತುಂಬ ಚೆಲ್ಲಿದವು. ಗುಂಡಿಗಳನ್ನು ಬಿಸಿನೀರಿಗೆ ಹಾಕಿ, ಅಂಟಿದ್ದ ಗಾಜನ್ನು ಉಗುರಿನಿಂದ ಕಿತ್ತಳು, ಮುಚ್ಚಿಹೋಗಿದ್ದ ತೂತುಗಳನ್ನು ಸೂಜಿಯಿಂದ ಬಿಡಿಸಿದಳು. ಬೆರಳು ಕೊಯ್ದು ರಕ್ತ ಬಂದರೆ ಚಿಂದಿ ಸುತ್ತಿಕೊಂಡಳು, ಕೋಟಿಗೆ ಕಲೆಯಾಗಬಾರದೆಂದು. ಒಂದು ಗುಂಡಿ ಮಾತ್ರ ಎರಡು ಹೋಳಾಗಿತ್ತು; ಉಳಿದವನ್ನು ಕೋಟಿಗೆ ಹಚ್ಚಿದಾಗ ಕೊರಳ ಬಳಿಯ ಜಾಗ ಖಾಲಿ ಉಳಿಯಿತು. ಟೀಚರ್ ಆ ಹೋಳುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡಿದರು.

"ತಪ್ಪಾಯ್ತು ಟೀಚರ್," ಎಂದಳು ಅಕ್ಕ. ಹೇಳಬೇಕಾದವರು ಸೋಫಾದ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದರು.

"ಕೊರಳ ಹತ್ರದ್ದು ಹೇಗೂ ಹಾಕಲ್ಲ ಬಿಡಮ್ಮ," ಎಂದು ಟೀಚರ್ ಹೋಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಕೋಟು ಎದೆಗವಚಿಕೊಂಡು ಹೋದರು.

ಬಾಗಿಲು ಮುಚ್ಚಿದ್ದೇ ತಡ ಭಾವ ಎದ್ದರು. "ಆ ಚೂರು ಬಿಸಾಕಬೇಡ. ಹಲಗೆ ಮೇಲೆ ಅಂಟಿಸಿದ್ರೆ ಗೋಡೆಗೆ ಚೆನ್ನಾಗಿರುತ್ತೆ."

ಅಕ್ಕ ಅವರನ್ನೇ ನೋಡಿದಳು. ಆಮೇಲೆ ಹೇಳಿದಳು, "ಗುಡಿಸಿ."

"ಯಾರು, ನಾನಾ?"

"ನೀವೇ. ಒಂದು ಚೂರೂ ಈ ಮನೇಲಿರಬಾರದು."

ಭಾವ ಹಾಲ್‌ನ ನಡುವೆ ನಿಂತರು. ಈ ಮನೆಯ ಮೂಲೆಮೂಲೆಯನ್ನೂ ಸಿಂಗರಿಸಿದ ಕಲಾವಿದರು ಆ ಮೂಲೆ ನೋಡಿದರು, ಈ ಮೂಲೆ ನೋಡಿದರು. ಅಕ್ಕನನ್ನು ಕೇಳುವ ಧೈರ್ಯ ಬರಲಿಲ್ಲ. ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು:

"ಪೊರಕೆ ಎಲ್ಲಿರುತ್ತೆ?"