ಮುನಿಯಮ್ಮ ಮೇಲಕ್ಕೆ ಬಂದ ದಿನ

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್. ಪರೀಕ್ಷೆ ಮುಗಿದ ಮರುದಿನವೇ ನಾನು ಮತ್ತು ತಮ್ಮ ಸೀನ ಕ್ಯಾಸಂಬಳ್ಳಿಯಲ್ಲಿ ಬಸ್ಸು ಹತ್ತಿ, ಅಮ್ಮನ ತವರಿಗೆ ಬಂದು ಬೀಳುತ್ತಿದ್ದೆವು. ಗಣಿ ಕೆಲಸದವರಿಗೆಂದು ಕಟ್ಟಿದ್ದ ಸಾಲುಮನೆಗಳಲ್ಲಿ ಅದೊಂದು. ತಗಡಿನ ಸೂರು, ಒಳಗೆ ಬೇಯುವಷ್ಟು ಬಿಸಿ. ಹಾಗಾಗಿ ಊಟವಾದ ಮೇಲೆ ಎಲ್ಲರೂ ಹೊರಗೆ ಬೇವಿನ ಮರದ ನೆರಳಿಗೆ. ಅಜ್ಜಿ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಸವರಿ ಕೊಡುತ್ತಿದ್ದರು. ನಾವು ಹುಳಿಗೆ ಕಣ್ಣು ಮುಚ್ಚಿಕೊಂಡಾಗ ತಾತ ಕಥೆ ಶುರು ಮಾಡುತ್ತಿದ್ದರು.

ತಾತ ಮೂವತ್ತು ವರ್ಷ ಭೂಮಿಯೊಳಗೆ ದುಡಿದವರು. ಗಣಿ ಮುಚ್ಚಿದ ಮೇಲೆ ಅವರಿಗೆ ಉಳಿದ ಕೆಲಸ ಎರಡೇ: ಕೆಮ್ಮುವುದು, ಕಥೆ ಹೇಳುವುದು. ಎರಡರಲ್ಲೂ ಆ ಸಾಲಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಥೆಯೂ ಅಂತಿಂಥದ್ದಲ್ಲ, ಐದು ಬೇಸಿಗೆಗೆ ಐದು ಭಾಗ. ಲೋಕದ ಬೆಳಕನ್ನೆಲ್ಲ ಕದ್ದು ಪಾತಾಳದಲ್ಲಿ ಬಚ್ಚಿಟ್ಟವನು ಮಬ್ಬಾಸುರ. ಅದನ್ನು ತರಲು ನಲವತ್ತು ಜನರೊಡನೆ ಏಳು ಸುತ್ತಿನ ಪಾತಾಳಕ್ಕಿಳಿದವನು ರಾಜಕುಮಾರ ಜ್ಯೋತಿವರ್ಮ. ಅಲ್ಲಿ ಹಾರುವ ಮೀನು ತಮಿಳಿನಲ್ಲಿ ಮಾತಾಡುತ್ತಿತ್ತು, ಬಂಡೆ ತೆಲುಗಿನಲ್ಲಿ. ನಮಗೆ ಅದರಲ್ಲೇನೂ ವಿಚಿತ್ರ ಕಾಣುತ್ತಿರಲಿಲ್ಲ.

ನನಗೆ ಹನ್ನೆರಡು ತುಂಬಿದ ಬೇಸಿಗೆಯದು ಐದನೆಯ ಭಾಗ. ರಜೆಯ ಕಡೆಯ ದಿನಕ್ಕೆ ಸರಿಯಾಗಿ ಮಬ್ಬಾಸುರ ಸತ್ತ. ಊರಿಗೆ ಬೆಳಕು ಬಂತು. ಜ್ಯೋತಿವರ್ಮನಿಗೆ ಪಟ್ಟಾಭಿಷೇಕ, ಪುರೋಹಿತರು ಕಿರೀಟ ಎತ್ತಿ ಹಿಡಿದಿದ್ದಾರೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ತಾತ, ಮುನಿಯಮ್ಮ ಎಲ್ಲಿ?”

“ಯಾವ ಮುನಿಯಮ್ಮ?”

“ಅಡಿಗೆ ಮುನಿಯಮ್ಮ. ಒಲೆ ಆರ್ದಂಗೆ ನೋಡ್ಕೊ, ಇದೇ ದಾರೀಲಿ ವಾಪಸ್ ಬತ್ತೀವಿ ಅಂತ ಮೂರನೇ ಸುತ್ತಲ್ಲಿ ಬಿಟ್ಟೋಗಿದ್ರಲ್ಲ? ಈಗ ಬೇರೆ ದಾರೀಲಿ ಬಂದ್ಬಿಟ್ರು.”

ಅದು ಮೂರು ವರ್ಷದ ಹಿಂದಿನ ಮಾತು. “ಸುಮ್ಕಿರಕ್ಕ, ಕಿರೀಟ ಆಕ್ಲಿ,” ಎಂದು ಸೀನ ತಿವಿದ. ಮನೆಯಲ್ಲಿ ಹೀಗೆ ನಡುವೆ ಬಾಯಿ ಹಾಕಿ ಬೈಸಿಕೊಂಡು ನನಗೆ ಅಭ್ಯಾಸವಾಗಿತ್ತು. ಆದರೆ ತಾತ ಬೈಯಲಿಲ್ಲ. ಅವರ ಮುಖ ಸಪ್ಪಗಾಯಿತು.

“ತಪ್ಪಾಯ್ತು ಪಾಪಾ. ಮರ್ತೇಬಿಟ್ಟೆ,” ಎಂದರು. “ಗಣೀಗೆ ಇಳಿಯೋವಾಗ ಒಬ್ಬೊಬ್ರಿಗೂ ಒಂದು ಬಿಲ್ಲೆ. ಮೇಲಕ್ಕೆ ಬಂದೋರು ವಾಪಸ್ ಕೊಡ್ಬೇಕು. ಒಂದೇ ಒಂದು ಬಿಲ್ಲೆ ಬರ್ಲಿಲ್ಲ ಅಂದ್ರೂ ಉಡುಕ್ಕೊಂಡು ಒಳಕ್ಕೆ ಓಗ್ಲೇಬೇಕು. ಅಂಥಾದ್ರಲ್ಲಿ ನಾನೇ ಒಬ್ಬಳ್ನ ಕೆಳಗೆ ಬಿಟ್ಟು ಬಂದ್ನಲ್ಲ!”

ಅವರ ಕಣ್ಣಲ್ಲಿ ನೀರಿತ್ತು. ಮರುಕ್ಷಣ ಎದ್ದು ನಿಂತು, ಎದುರಿಗೇ ಪುರೋಹಿತರಿದ್ದಾರೆ ಎಂಬಂತೆ ಕೂಗಿದರು: “ಕೆಳಗಿಡ್ರೀ ಕಿರೀಟಾನ!”

ಅಷ್ಟರಲ್ಲಿ ನಮ್ಮನ್ನು ಕರೆದೊಯ್ಯಲು ಅಪ್ಪ ಮೊಪೆಡ್ಡಿನಲ್ಲಿ ಬಂದರು. ಸಂಜೆ ಹಾಲು ಕರೆದು ಡೈರಿಗೆ ಹಾಕುವವರು ಅವರೇ, ನಿಲ್ಲಲು ಪುರುಸೊತ್ತಿಲ್ಲ. ನಾವೀಗ ಹೊರಟರೆ ಮುನಿಯಮ್ಮ ಇನ್ನೊಂದು ವರ್ಷ ಕತ್ತಲಲ್ಲಿ.

“ಮಾವ, ಒತ್ತಾಯ್ತು, ಮಕ್ಳುನ್ನ ಕಳ್ಸಿ.”

“ಕೂತ್ಕೊಳಪ್ಪ. ಒಬ್ಬಳು ಒಳಗವಳೆ. ಬಿಟ್ಟು ಓಗಂಗಿಲ್ಲ.”

ಅಪ್ಪ ಗಾಬರಿಯಾದರು. “ಯಾರ್ ಮಾವ? ಎಲ್ಲಿ? ಅಗ್ಗ ತರ್ಲಾ?”

ಅಜ್ಜಿ ಬಿದ್ದು ಬಿದ್ದು ನಕ್ಕು ವಿಷಯ ಹೇಳಿದರು. ಅಪ್ಪನಿಗೆ ಸಿಟ್ಟೇ ಬಂತು. ಆದರೆ ನನ್ನ ಮುಖ ನೋಡಿದವರಿಗೆ ಏನನ್ನಿಸಿತೋ, ಅಮ್ಮನಿಗೆ ಫೋನ್ ಹಚ್ಚಿದರು. “ಇವತ್ತು ಹಾಲು ನೀನೇ ಕರ್ಕೊ. ಇಲ್ಲಿ ಒಸಿ ಕೆಲ್ಸ ಐತೆ.” ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ ಅವರೂ ಕುಳಿತರು.

ಜ್ಯೋತಿವರ್ಮ ಬರಿದಲೆಯಲ್ಲೇ ಮತ್ತೆ ಪಾತಾಳಕ್ಕಿಳಿದ. ಮೂರನೇ ಸುತ್ತಿನಲ್ಲಿ ಒಲೆ ಉರಿಯುತ್ತಲೇ ಇತ್ತು. ಮುನಿಯಮ್ಮ ನಲವತ್ತು ಮುದ್ದೆ ಕಟ್ಟಿಟ್ಟು ಕಾಯುತ್ತಿದ್ದಳು. “ಇಷ್ಟೊತ್ತು ಎಲ್ಲಿ ಆಳಾಗೋಗಿದ್ರಿ? ಮುದ್ದೆ ಆರೋಯ್ತು!” ಎಂದು ಉಗಿದಳು. ರಾಜಕುಮಾರ ಕೈಮುಗಿದು, ಅಲ್ಲೇ ಕುಳಿತು, ಆರಿದ ಮುದ್ದೆಯನ್ನೇ ಉಂಡ. ಹೊರಗೆ ಬರುವಾಗ ಅವಳ ಕಣ್ಣಿಗೆ ಬೆಳಕು ಚುಚ್ಚದಿರಲೆಂದು ತನ್ನ ಶಲ್ಯವನ್ನು ಅಡ್ಡ ಹಿಡಿದ. ಮಸಿ ಮೆತ್ತಿದ ಕೈಯಲ್ಲಿ ಕಿರೀಟ ತೊಡಿಸಿದವಳು ಅವಳೇ.

“ಈಗ ಎಲ್ರೂ ಬಂದ್ರು. ಮುಗೀತು,” ಎಂದರು ತಾತ.

“ಸದ್ಯ!” ಎಂದು ಉಸಿರು ಬಿಟ್ಟವರು ಅಪ್ಪ.

ತಾತ ಇನ್ನೊಂದು ಕಥೆ ಶುರು ಮಾಡಲಿಲ್ಲ. ಎರಡು ವರ್ಷದಲ್ಲಿ ಅವರೂ ಹೋದರು. ಆ ಮನೆಯಲ್ಲೀಗ ಬೇರೆಯವರಿದ್ದಾರೆ. ನಾನು ದಪ್ಪ ದಪ್ಪ ಪುಸ್ತಕಗಳ ಮಾಲೆಗಳನ್ನು ಓದುತ್ತೇನೆ, ಫೋನಿನಲ್ಲಿ ಸೀಸನ್ ಮೇಲೆ ಸೀಸನ್ ನೋಡುತ್ತೇನೆ. ಕೊನೆಗೆ ಯಾರೋ ಒಬ್ಬರು ಕೆಳಗೇ ಉಳಿದಿರುತ್ತಾರೆ. ಎಲ್ಲಿ ಎಂದು ಕೇಳಿದರೆ ಕೇಳಿಸಿಕೊಳ್ಳುವವರಿಲ್ಲ. ಕೆಲಸದ ಜಾಗದಲ್ಲೂ ಅಷ್ಟೇ. ಯಾವುದೋ ಪಟ್ಟಿಯಿಂದ ಬಿಟ್ಟುಹೋದವರ ಹೆಸರೆತ್ತಿದರೆ ಎಲ್ಲರೂ ಗಡಿಯಾರ ನೋಡುತ್ತಾರೆ. ನನಗೆ ಅವಮಾನವಾಗುತ್ತದೆ, ಆದರೂ ಕೇಳುತ್ತೇನೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೇಳಿದಳೆಂದು ಹಿಂದೆ ಒಮ್ಮೆ ಒಂದು ಪಟ್ಟಾಭಿಷೇಕವೇ ನಿಂತಿತ್ತು.