ಲೋಕಣ್ಣನ ಕೆಂಪು ಉಗುರು

ಲೋಕಣ್ಣನ ಬಲಗೈ ಹೆಬ್ಬೆರಳಿನ ಉಗುರು ಸದಾ ಕೆಂಪಗಿರುತ್ತಿತ್ತು. ಕಾಟಿಪಳ್ಳದಿಂದ ಬೈಕಂಪಾಡಿಗೆ ಬರುವ ಸಿಟಿ ಬಸ್ಸಿನಲ್ಲಿ ಅವರು ಕಂಬಿ ಹಿಡಿದು ನಿಂತರೆ ಕಂಡಕ್ಟರ್ ಚುಡಾಯಿಸದೆ ಬಿಡುತ್ತಿರಲಿಲ್ಲವಂತೆ. "ಎಂತ ಲೋಕಣ್ಣ, ಒಂದೇ ಬೆರಳಿಗೆ ನೈಲ್ ಪಾಲಿಶಾ?" ಥಿನ್ನರ್ ಹಾಕಿ ಉಜ್ಜಿದರೂ, ತೆಂಗಿನ ನಾರಿನಿಂದ ತಿಕ್ಕಿದರೂ ಉಗುರಿನ ಬುಡದಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತಿತ್ತು. ಮಧ್ಯಾಹ್ನ ಎದುರು ಕುಳಿತು ಊಟ ಮಾಡುವಾಗ ಅವರ ಕೈಯಲ್ಲಿ ಮೀನು ಸಾರಿನ ಕೆಂಪು ಯಾವುದು, ಬಣ್ಣದ ಕೆಂಪು ಯಾವುದು ಎಂದು ತಿಳಿಯದೆ ನನಗೇ ಕಸಿವಿಸಿಯಾಗುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಅದು ರಿಜೆಕ್ಟ್ ಆದ ಮಾಲಿಗೆ ಬಳಿಯುವ ಬಣ್ಣ. ಬೈಕಂಪಾಡಿಯ ನಮ್ಮ ವರ್ಕ್‌ಶಾಪಿನಲ್ಲಿ ವಿಮಾನದ ಎಂಜಿನ್ನಿನೊಳಗೆ ಕೂರುವ ಬೆರಳುದ್ದದ ಬೋಲ್ಟುಗಳು ತಯಾರಾಗುತ್ತಿದ್ದವು. ಒಂದೊಂದರ ತಲೆಯ ಮೇಲೂ ಒಂದೊಂದು ನಂಬರ್. ತಪಾಸಣೆ ಲೋಕಣ್ಣನದು. ಸರಿ ಇದ್ದದ್ದಕ್ಕೆ ಅವರ ಗುಂಡಗಿನ ಮೊಹರು, ಸರಿ ಇಲ್ಲದ್ದಕ್ಕೆ ಕೆಂಪು. ಬ್ರಶ್ ಇಟ್ಟುಕೊಂಡೂ ಹೆಬ್ಬೆರಳನ್ನೇ ಡಬ್ಬಿಗೆ ಅದ್ದಿ ಒತ್ತುತ್ತಿದ್ದರು. "ಬ್ರಶ್‌ನಲ್ಲಿ ಹಚ್ಚಿದ್ರೆ ಯಾರು ಹಚ್ಚಿದ್ದು ಅಂತ ಕೇಳ್ತಾರೆ. ಇದು ನಾನೇ ಹೇಳಿದ್ದು ಅಂತ ಗೊತ್ತಾಗ್ಲಿ," ಎನ್ನುವರು. ಕೆಂಪಾದ ಬೋಲ್ಟುಗಳು ಜಾಲರಿ ಬೀರುವಿನಲ್ಲಿ ಬೀಗದೊಳಗೆ ಇರಬೇಕು. ಶನಿವಾರ ಇಬ್ಬರ ಕಣ್ಣೆದುರು ಅವನ್ನು ಎರಡು ತುಂಡು ಮಾಡಬೇಕು, ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕಬೇಕು. ಒಂದೂ ಇಡಿಯಾಗಿ ಗೇಟು ದಾಟಬಾರದು. ಇದು ವಿಮಾನ ಸುರಕ್ಷತಾ ಕಚೇರಿಯ ನಿಯಮ. ನಮ್ಮ ಲೈಸೆನ್ಸ್ ನಿಂತದ್ದೇ ಅದರ ಮೇಲೆ.

ಆ ಎರಡನೆಯ ಸಹಿ ನನ್ನದು. ಮದುವೆಯಾಗಿ ಹಾಸನದ ಕಡೆಯಿಂದ ಮಂಗಳೂರಿಗೆ ಬಂದವಳು ನಾನು, ಇಲ್ಲಿಯವರ ಬಾಯಲ್ಲಿ ಘಟ್ಟದವಳು. ಮಾಲಿನ ಜೊತೆ ಹೋಗುವ ಸರ್ಟಿಫಿಕೇಟುಗಳನ್ನು ಬರೆಯುವುದು ನನ್ನ ಕೆಲಸ. ಉಳಿದವರೊಡನೆಲ್ಲ ತುಳುವಿನಲ್ಲಿ ಜಗಳವಾಡುವ ಲೋಕಣ್ಣ ನನ್ನೊಬ್ಬಳಿಗಾಗಿ ಕನ್ನಡಕ್ಕೆ ಇಳಿಯುತ್ತಿದ್ದರು. ಸೇರಿದ ಮೊದಲ ದಿನವೇ ಹೇಳಿದ್ದು ಒಂದೇ ಮಾತು: "ನೋಡದ್ದಕ್ಕೆ ಸಹಿ ಹಾಕ್ಬೇಡ. ಧನಿ ಹೇಳ್ಲಿ, ನಾನೇ ಹೇಳ್ಲಿ, ನೋಡದ್ದಕ್ಕೆ ಸಹಿ ಇಲ್ಲ." ಆ ಮಾತನ್ನು ವಾರಕ್ಕೆರಡು ಸಲವಾದರೂ ಕೇಳಿ ಕೇಳಿ ನನಗೆ ಬೇಸರವೇ ಬಂದಿತ್ತು.

ಸಹಿ ಹಾಕುವವಳು ನೋಡಲೂ ಕಲಿಯಬೇಕೆಂದು ಒಂದು ದಿನ ನನ್ನನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಬೋಲ್ಟನ್ನು ಒಂದು ಹಸಿರು ದ್ರವದಲ್ಲಿ ಅದ್ದಿ ತೊಳೆದರೆ, ಬಿರುಕು ಇದ್ದಲ್ಲಿ ಆ ದ್ರವ ಒಳಗೇ ಉಳಿಯುತ್ತದೆ. ಕತ್ತಲೆಯಲ್ಲಿ ನೇರಳೆ ದೀಪ ಹಿಡಿದರೆ ಹೊಳೆಯುತ್ತದೆ. ಒಳಗೆ ಹೋದವರೇ ನೋಡುವುದು ಬಿಟ್ಟು ಸ್ಟೂಲಿನ ಮೇಲೆ ಸುಮ್ಮನೆ ಕುಳಿತರು. ಒಂದು ನಿಮಿಷ ಆಯಿತು, ಎರಡಾಯಿತು. ಸೆಕೆಗೆ ನನ್ನ ಬೆನ್ನು ಒದ್ದೆಯಾಯಿತು. ಏನು ಲೋಕಣ್ಣ ಎಂದೆ. "ಕೂತುಕೋ. ಬಿಸಿಲಿಂದ ಬಂದ ಕಣ್ಣು ಎಲ್ಲದಕ್ಕೂ ಪಾಸ್ ಅಂತ ಹೇಳ್ತದೆ." ಐದು ನಿಮಿಷದ ನಂತರ ಒಂದು ಬೋಲ್ಟು ಎತ್ತಿ ಕೊಟ್ಟರು. ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಕಾಣಲಿಲ್ಲ. "ಇದು ಚೆನ್ನಾಗಿದೆ, ಪಾಸ್ ಮಾಡಿ," ಎಂದೆ, ಆ ಕೋಣೆಯಿಂದ ಹೊರಬೀಳುವ ಅವಸರದಲ್ಲಿ.

"ಇನ್ನೊಮ್ಮೆ ನೋಡು. ತಲೆಯ ಕೆಳಗೆ."

ಮೂರನೆಯ ಸಲ ನೋಡಿದಾಗ ಕಂಡಿತು. ತಲೆ ಮತ್ತು ಮೈ ಕೂಡುವ ಮೂಲೆಯಲ್ಲಿ ಹಸಿರಾಗಿ ಹೊಳೆಯುವ ಒಂದು ಎಳೆ, ಎರಡು ಸಾಸಿವೆ ಕಾಳನ್ನು ಪಕ್ಕಪಕ್ಕ ಇಟ್ಟಷ್ಟು ಉದ್ದ. "ಇದು ಒಳಗೆ ಹೋಗಿ ಕೂತ್ರೆ ಎಷ್ಟು ದಿನ ಹಾರ್ತದೆ?" ಎಂದು ಕೇಳಿದೆ. "ಅದು ಗೊತ್ತಿದ್ರೆ ನಾನು ಎಂತಕ್ಕೆ? ನಾಳೆ ತುಂಡಾಗ್ಬಹುದು, ಎರಡು ವರ್ಷ ಬಿಟ್ಟು ಆಗ್ಬಹುದು. ಆಗುದು ಮಾತ್ರ ಹೌದು," ಎಂದು ಹೆಬ್ಬೆರಳು ಅದ್ದಿ ಅದರ ತಲೆಗೆ ಒತ್ತಿದರು. ತಲೆಯ ಮೇಲಿನ ನಂಬರ್ ಆರುನೂರ ಹದಿನೇಳು. ವಿಮಾನ ಬಿದ್ದು ಹೊತ್ತಿ ಉರಿದ ಬಜಪೆಯ ಗುಡ್ಡ ಕಾಣುವ ಊರಿನಲ್ಲಿ ಇಂಥ ಮಾತನ್ನು ಯಾರೂ ತಮಾಷೆಗೆ ಆಡುವುದಿಲ್ಲ.

ಲೋಕಣ್ಣ ರಜೆ ಹಾಕುವವರಲ್ಲ. ವರ್ಷಕ್ಕೆ ಒಂದೇ ಒಂದು ದಿನ, ನೂಲ ಹುಣ್ಣಿಮೆಯ ಸಮುದ್ರ ಪೂಜೆಗೆ ಮಾತ್ರ ಅವರು ಸಿಗುತ್ತಿರಲಿಲ್ಲ. ಅವರ ತಮ್ಮನದು ಮೀನಿನ ಬೋಟು. ಮಳೆಗಾಲ ಕಳೆದು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುವಾಗ ಮನೆಯ ಹಿರಿಯ ಮಗ ನೀರಿಗಿಳಿದು ನಿಲ್ಲಬೇಕು. ಆ ವರ್ಷ ಅದು ಶನಿವಾರವೇ ಬಂತು. ಬೀರುವಿನಲ್ಲಿ ಆ ವಾರದ ಹದಿನಾಲ್ಕು ಕೆಂಪು ಬೋಲ್ಟುಗಳಿದ್ದವು, ಆರುನೂರ ಹದಿನೇಳೂ ಸೇರಿ. ಸೋಮವಾರ ಬೆಳಿಗ್ಗೆ ಆಡಿಟ್.

ಶುಕ್ರವಾರ ಸಂಜೆ ರಿಜಿಸ್ಟರ್ ಹಿಡಿದುಕೊಂಡು ಅವರ ಮೇಜಿಗೆ ಹೋದವಳು ನಾನೇ. ಸೋಮವಾರ ಆ ಕಾಲಂ ಖಾಲಿ ಇದ್ದರೆ ರಿಮಾರ್ಕ್ ಬೀಳುತ್ತದೆ, ಈಗಲೇ ಸಹಿ ಹಾಕಿ ಹೋಗಿ ಎಂದೆ. ಪೆನ್ನು ತೆಗೆದುಕೊಂಡವರು ಅದನ್ನು ಮತ್ತೆ ಮೇಜಿನ ಮೇಲಿಟ್ಟರು.

"ನೋಡದ್ದಕ್ಕೆ ಸಹಿಯಾ?"

"ನಾನಿದ್ದೇನಲ್ಲ ಲೋಕಣ್ಣ. ನಾನು ನಿಂತು ಕಟ್ ಮಾಡಿಸ್ತೇನೆ. ನೀವು ನೆಮ್ಮದಿಯಿಂದ ಪೂಜೆಗೆ ಹೋಗಿ."

ನನ್ನ ಮುಖ ನೋಡಿದರು, ಸಹಿ ಹಾಕಿದರು. ಹೇಗೂ ಪುಸ್ತಕ ತೆರೆದಿತ್ತಲ್ಲ, ಕೆಳಗೆ ನನ್ನ ಸಹಿಯನ್ನೂ ಆಗಲೇ ಗೀಚಿಬಿಟ್ಟೆ. ಜಾಣೆ ನಾನು!

ಶನಿವಾರ ಬೋಲ್ಟುಗಳ ಟ್ರೇಯನ್ನು ಬೀರುವಿನಿಂದ ತೆಗೆದು ಕಟಿಂಗ್ ಮೆಶಿನ್ನಿನ ಹತ್ತಿರ ಇಟ್ಟೆ. ಕರೆಂಟು ಹೋಯಿತು. ಮೂರು ಗಂಟೆಯವರೆಗೆ ಕಾದೆ. ಮನೆಗೆ ನೆಂಟರು ಬರುವವರಿದ್ದರು. ಸೋಮವಾರ ಬೇಗ ಬಂದು ಮಾಡಿಸಿದರಾಯಿತೆಂದು ಟ್ರೇಯನ್ನು ಮೆಶಿನ್ನಿನ ಅಡಿಗೆ ತಳ್ಳಿ, ಬಟ್ಟೆ ಮುಚ್ಚಿ ಹೊರಟೆ. ಸಂಜೆ ಗುಜರಿಯ ಲಾರಿ ಬಂತು. ಮೆಶಿನ್ನಿನ ಅಡಿಯಲ್ಲಿ ಇರುವುದೆಲ್ಲ ಗುಜರಿಯೇ ತಾನೇ? ಕೆಲಸದವರು ಎಲ್ಲವನ್ನೂ ಬಾಚಿ ತುಂಬಿಸಿದರು.

ಸೋಮವಾರ ನಾನು ಬರುವಷ್ಟರಲ್ಲಿ ಆಡಿಟ್‌ನವರು ಬಂದಾಗಿತ್ತು. ರಿಜಿಸ್ಟರ್ ನೋಡಿ ಮೆಚ್ಚಿಕೊಂಡರು. ಅವರು ಹೋದ ಮೇಲೆ ಲೋಕಣ್ಣ ಎಂದಿನಂತೆ ಹಿತ್ತಲಿನ ಡ್ರಮ್ಮಿನ ಹತ್ತಿರ ಹೋದರು. ತುಂಡುಗಳನ್ನು ಕೈಯಿಂದ ಮುಟ್ಟಿ ಎಣಿಸುವುದು ಅವರ ಅಭ್ಯಾಸ. ವಾಪಸು ಬಂದು ನನ್ನ ಮುಂದೆ ನಿಂತು, "ತುಂಡು ಎಲ್ಲಿ?" ಎಂದರು. ಟ್ರೇ ಇರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾಗಿತ್ತು. ಎಲ್ಲ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕುಳಿತು, ರಿಜಿಸ್ಟರಿನಲ್ಲಿ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

ಆಗಲೇ ಸುರಕ್ಷತಾ ಕಚೇರಿಗೆ ಫೋನ್ ಮಾಡುತ್ತೇನೆಂದು ಎದ್ದರು. ವರ್ಕ್‌ಶಾಪಿನ ಯಜಮಾನರಾದ ಧನಿ ತಡೆದರು. ಧನಿ ಕೆಟ್ಟವರೇನಲ್ಲ. ಹೋಟೆಲು ನಡೆಸುತ್ತಿದ್ದ ಬಂಟರ ಮನೆತನ. ಇದ್ದದ್ದನ್ನೆಲ್ಲ ಈ ವರ್ಕ್‌ಶಾಪಿಗೆ ಹಾಕಿದ್ದರು. "ಗುಜರಿ ಅಂದ್ರೆ ಕರಗಿಸ್ಲಿಕ್ಕೆ ಅಲ್ವಾ ಲೋಕಣ್ಣ? ಬುಧವಾರದೊಳಗೆ ನಾನೇ ವಾಪಸ್ ತರಿಸ್ತೇನೆ. ಅಷ್ಟಕ್ಕೆ ಡೆಲ್ಲಿಗೆ ಬರೆದು ಗೇಟಿಗೆ ಬೀಗ ಹಾಕಿಸ್ಬೇಡಿ. ಎಷ್ಟು ಮನೆಯವರ ಅನ್ನ ಉಂಟು ಇಲ್ಲಿ, ನಿಮಗೆ ಗೊತ್ತುಂಟಲ್ಲ." ಲೋಕಣ್ಣ ಆ ಮಾತಿಗೆ ಸೋಲಲಿಲ್ಲ. ಸೋತದ್ದು ನನ್ನ ಅಳುವಿಗೆ. ಮೂರೇ ಮೂರು ದಿನ ಲೋಕಣ್ಣ, ಎಂದು ಕೈಮುಗಿದು ಬೇಡಿಕೊಂಡೆ. ನನಗೆ ಕೆಲಸ ಹೋಗುವ ಹೆದರಿಕೆ. ಆ ಅಳುವಿನ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಆ ಮೂರು ದಿನ ಅವರು ಮೊಹರು ಮುಟ್ಟಲಿಲ್ಲ. ಗೇಟಿನ ಹತ್ತಿರದ ಕಲ್ಲಿನ ಮೇಲೆ ಕುಳಿತು ಬಜಪೆಗೆ ಇಳಿಯುವ ವಿಮಾನಗಳನ್ನು ನೋಡುತ್ತಿದ್ದರು. ಪ್ರತಿಯೊಂದೂ ಗುಡ್ಡದ ಹಿಂದೆ ಮರೆಯಾಗಿ ಸದ್ದು ಅಡಗುವವರೆಗೆ ಮಾತಿಲ್ಲ.

ಬುಧವಾರ ಕಳೆಯಿತು, ಧನಿ ತರಿಸುತ್ತೇನೆಂದ ಬೋಲ್ಟುಗಳು ಬರಲಿಲ್ಲ. ಗುರುವಾರ ಲೋಕಣ್ಣನೇ ಆಟೋ ಹಿಡಿದು ನನ್ನನ್ನು ಕೂಳೂರಿನ ಗುಜರಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ಏನನ್ನೂ ಮುಚ್ಚಿಡಲಿಲ್ಲ. "ಸೋಮವಾರ ಇಡೀ ದಿನ ಇಲ್ಲೇ ಇತ್ತು ಮಾರಾಯ್ರೆ. ಮಂಗಳವಾರ ಬೆಳಿಗ್ಗೆ ಹೊರಗಿನ ಪಾರ್ಟಿ ಒಂದು ಬಂತು. ಬೇರೆ ಎಂತದ್ದನ್ನೂ ಮುಟ್ಟಲಿಲ್ಲ. ಕೆಂಪು ಬಣ್ಣ ಇದ್ದದ್ದನ್ನು ಮಾತ್ರ ಆರಿಸಿ, ಉಜ್ಜಿ ನಂಬರ್ ನೋಡಿ, ಪೇಪರಿನಲ್ಲಿ ಸುತ್ತಿಕೊಂಡು ಹೋದ್ರು. ಇಂಥದ್ದು ಇನ್ನೂ ಬರ್ತದಾ ಅಂತ ಕೇಳಿದ್ರು."

ಕರಗಿಸುವವರು ಬಣ್ಣ ನೋಡಿ ಆರಿಸುವುದಿಲ್ಲ. ಅದು ನನಗೂ ಗೊತ್ತಾಯಿತು. ವಾಪಸು ಬರುವಾಗ ಲೋಕಣ್ಣ ಆಟೋದಲ್ಲಿ ಎಡಗೈಯ ಉಗುರಿನಿಂದ ಬಲಗೈಯ ಉಗುರನ್ನು ಕೆರೆಯುತ್ತಲೇ ಇದ್ದರು. ಸೋಮವಾರವೇ ಹೋಗಿದ್ದರೆ ಹದಿನಾಲ್ಕೂ ಕೈಗೆ ಸಿಗುತ್ತಿದ್ದವು.

ಅಂದೇ ಅವರು ಸುರಕ್ಷತಾ ಕಚೇರಿಗೆ ಪತ್ರ ಬರೆದರು. ಟೈಪ್ ಮಾಡಿದವಳು ನಾನು. ಮೊದಲ ಸಾಲು, "ನಾನು ನೋಡದ ಕೆಲಸಕ್ಕೆ ಸಹಿ ಹಾಕಿದ್ದೇನೆ." ಇಬ್ಬರು ಅಧಿಕಾರಿಗಳು ಬಂದರು. ರಿಜಿಸ್ಟರ್ ತೆರೆದು, ಈ ಎರಡನೆಯ ಸಹಿ ಯಾರದು ಎಂದು ಕೇಳಿದರು. ಧನಿ ನನ್ನನ್ನೇ ನೋಡುತ್ತಿದ್ದರು.

"ಹೇಳು ಮಾರಾಯ್ತಿ," ಎಂದರು ಲೋಕಣ್ಣ ಮೆಲ್ಲಗೆ. "ಈಗ ಹೇಳದಿದ್ರೆ ಇನ್ನು ಹೇಳ್ಲಿಕ್ಕೆ ಎಂತ ಉಳಿದಿರ್ತದೋ ಗೊತ್ತಿಲ್ಲ."

ಹೇಳಿದೆ. ಹದಿನಾಲ್ಕು ನಂಬರುಗಳು ದೇಶದ ಎಲ್ಲ ವಿಮಾನ ಸಂಸ್ಥೆಗಳಿಗೂ ರಿಪೇರಿ ಕೇಂದ್ರಗಳಿಗೂ ಎಚ್ಚರಿಕೆಯಾಗಿ ಹೋದವು. ನಮ್ಮ ಲೈಸೆನ್ಸ್ ಅಮಾನತಾಯಿತು. ಮೆಶಿನ್ನುಗಳು ನೀರಿನ ಪಂಪಿನ ಬಿಡಿಭಾಗ ಮಾಡಿಕೊಂಡು ಉಸಿರು ಉಳಿಸಿಕೊಂಡವು. ಲೋಕಣ್ಣನ ಮೊಹರನ್ನು ಅಧಿಕಾರಿಗಳು ಲಕೋಟೆಗೆ ಹಾಕಿ ಕೊಂಡೊಯ್ದರು. ಮೊಹರಿಲ್ಲದ ತಪಾಸಕನಿಗೆ ಏನು ಕೆಲಸ? ಅವರು ಮನೆ ಸೇರಿದರು. ನನ್ನ ಕೆಲಸ ಹೋಗಲಿಲ್ಲ. ಪುಣ್ಯ ಎಂದರು ನೆಂಟರು. ನನಗೆ ಹಾಗನ್ನಿಸಲಿಲ್ಲ.

ಮೊದಲ ಬೋಲ್ಟು ಸಿಕ್ಕಿದ್ದು ದೂರದ ಊರಿನ ಒಂದು ಎಂಜಿನ್ ರಿಪೇರಿ ಕೇಂದ್ರದಲ್ಲಿ. ಹೊಳೆಯುವ ಹಾಗೆ ಪಾಲಿಶ್ ಮಾಡಿದ್ದರಂತೆ. ಜೊತೆಗೆ ಹೊಸ ಮಾಲೆಂದು ಹೇಳುವ ಸರ್ಟಿಫಿಕೇಟು, ಕೆಳಗೆ ನನ್ನ ಸಹಿಯ ನಕಲು. ಆ ಕಾಗದದ ಫೋಟೋ ನನಗೆ ಕಳಿಸಿದರು. ಎಷ್ಟು ಚೆನ್ನಾಗಿ ನಕಲು ಮಾಡಿದ್ದರೆಂದರೆ, ಇದು ನನ್ನದಲ್ಲ ಎನ್ನಲು ನನಗೇ ಒಂದು ಗಳಿಗೆ ಬೇಕಾಯಿತು. ಆಮೇಲೆ ಒಂದೊಂದಾಗಿ ಸಿಕ್ಕವು. ಒಂಬತ್ತನೆಯದು ಸಿಕ್ಕಿದ್ದು ಎಂಜಿನ್ನಿನ ಒಳಗೆ, ಬಿಗಿದ ಜಾಗದಲ್ಲಿ. "ಹಾರಿದೆಯಾ?" ಎಂದು ಫೋನಿನಲ್ಲಿ ಕೇಳಿದೆ. ಅಧಿಕಾರಿ, "ಹಾರಿದೆ ಮೇಡಂ," ಎಂದರು.

ಪ್ರತಿ ಸಲವೂ ಕಾಟಿಪಳ್ಳಕ್ಕೆ ಹೋಗಿ ನಾನೇ ಹೇಳಿ ಬರುತ್ತಿದ್ದೆ. ಲೋಕಣ್ಣ ಕ್ಯಾಲೆಂಡರಿನ ಹಾಳೆಯೊಂದರ ಹಿಂದೆ ಹದಿನಾಲ್ಕು ನಂಬರ್ ಬರೆದು ಗೋಡೆಗೆ ಅಂಟಿಸಿದ್ದರು. ಸಿಕ್ಕಿದ ನಂಬರಿನ ಮೇಲೆ ಹೆಬ್ಬೆರಳು ಒತ್ತಲು ಮನೆಯಲ್ಲೂ ಒಂದು ಕೆಂಪು ಡಬ್ಬಿ. ಅವರ ಹೆಂಡತಿ ಬಂಗುಡೆ ಹುರಿದು ಕೊಡುವರು, "ಈ ಮನುಷ್ಯನಿಗೆ ಮಂಡೆ ಸಮ ಇಲ್ಲ, ವಿಮಾನದ ಸದ್ದು ಕೇಳಿದ್ರೆ ಊಟ ಬಿಟ್ಟು ಅಂಗಳಕ್ಕೆ ಓಡ್ತಾರೆ," ಎಂದು ನನ್ನ ಹತ್ತಿರ ದೂರುವರು. ನಾನು ನಗಲು ನೋಡುತ್ತಿದ್ದೆ.

ಕೊನೆಯ ಸಲ ಹೋದಾಗ ಅವರು ಮಂಚ ಹಿಡಿದಿದ್ದರು. ಶ್ವಾಸಕೋಶ ಸೋತಿತ್ತು. ಹದಿಮೂರನೆಯದು ಸಿಕ್ಕಿತೆಂದು ಹೇಳಿದೆ. ಹಾಳೆಯನ್ನು ಗೋಡೆಯಿಂದ ಬಿಡಿಸಿ ತರಿಸಿಕೊಂಡು ಬೆರಳು ಒತ್ತಿದರು. ಬಣ್ಣ ಪಕ್ಕದ ನಂಬರಿಗೂ ಹರಡಿತು. ಉಳಿದದ್ದು ಒಂದೇ ನಂಬರ್. ಆರುನೂರ ಹದಿನೇಳು.

"ಅದು ಸಿಗುದು ಕಷ್ಟ," ಎಂದರು, ಉಸಿರು ಹಿಡಿದು ಹಿಡಿದು. "ನೀನೇ ಪಾಸ್ ಮಾಡಿ ಅಂದದ್ದಲ್ವಾ? ನೋಡುವವರೆಲ್ಲ ಹಾಗೇ ಹೇಳ್ತಾರೆ. ಐದು ನಿಮಿಷ ಕತ್ತಲೆಯಲ್ಲಿ ಕೂರ್ಲಿಕ್ಕೆ ಯಾರಿಗೆ ಪುರ್ಸೊತ್ತುಂಟು?"

ಅಷ್ಟರಲ್ಲಿ ಮನೆಯ ಮಾಡಿನ ಮೇಲಿಂದ ವಿಮಾನವೊಂದು ಹಾದುಹೋಯಿತು. ಲೋಕಣ್ಣ ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದರು. ಸದ್ದು ಪೂರ್ತಿ ಅಡಗಿದ ಮೇಲೆ ಕೈ ಇಳಿಸಿ, "ಹೋಯ್ತು," ಎಂದರು. ಅದೇ ನಾನು ಕೇಳಿದ ಅವರ ಕೊನೆಯ ಮಾತು. ಆ ವಾರವೇ ತೀರಿಕೊಂಡರು. ನೋಡಲು ಹೋದಾಗ ಎಲ್ಲರೂ ಮುಖ ನೋಡುತ್ತಿದ್ದರು, ನಾನು ಉಗುರು ನೋಡಿದೆ. ಸ್ನಾನ ಮಾಡಿಸಿದ ಮೇಲೂ ಬುಡದಲ್ಲಿ ಆ ಗೆರೆ ಹಾಗೆಯೇ ಇತ್ತು.

ಹಾಳೆಯನ್ನು ಅವರ ಹೆಂಡತಿ ನನಗೆ ಕೊಟ್ಟರು. ಪ್ರತಿ ತಿಂಗಳು ಸುರಕ್ಷತಾ ಕಚೇರಿಗೆ ಫೋನ್ ಮಾಡುತ್ತೇನೆ. ಹಳೆಯ ಅಧಿಕಾರಿ ವರ್ಗವಾಗಿದ್ದಾರೆ. ಹೊಸಬರು ತಾಳ್ಮೆಯವರು. ಹೋದ ತಿಂಗಳು ಅವರೇ ಹೇಳಿದರು: "ಮೇಡಂ, ಆ ನಂಬರನ್ನು ಉಜ್ಜಿ ಬೇರೆ ನಂಬರ್ ಹಾಕಿದ್ದರೆ ನಾವು ಹುಡುಕುವುದಾದರೂ ಹೇಗೆ? ಬೇರೆ ಏನಾದರೂ ಗುರುತು ಇದೆಯಾ ಅದಕ್ಕೆ?"

ಇದೆ ಎಂದೆ. ತಲೆಯ ಕೆಳಗೆ, ಮೂಲೆಯಲ್ಲಿ, ಎರಡು ಸಾಸಿವೆ ಕಾಳಿನಷ್ಟು ಉದ್ದ. ಕತ್ತಲೆಯಲ್ಲಿ ಐದು ನಿಮಿಷ ಕುಳಿತರೆ ಕಾಣುತ್ತದೆ ಎಂದೆ. ಅವರು ಬರೆದುಕೊಂಡರು. ಅದನ್ನು ನೋಡಿದವರು ಯಾರು ಎಂದು ಕೇಳಿದರು. ಇಬ್ಬರು ನೋಡಿದ್ದೆವು, ಈಗ ಒಬ್ಬಳೇ ಇದ್ದೇನೆ ಎಂದೆ. ಫೋನಿಡುವಾಗ ಆಫೀಸಿನ ಮೇಲೆ ಮಧ್ಯಾಹ್ನದ ವಿಮಾನ ಬರುತ್ತಿತ್ತು. ಸದ್ದು ಅಡಗುವವರೆಗೆ ನಾನು ಯಾರೊಡನೆಯೂ ಮಾತಾಡಲಿಲ್ಲ.